ಸ್ಕೀನ್ಸ್‌ನ ಮೇ 11ರ ತನಕ ಯಾಕೆ ಕೂರಿಸಿದ್ರು? 172 ದಿನದ ಲೆಕ್ಕ

ಪ್ರಶ್ನೆ: ಸರ್, ನಾವು ಪಿಟ್ಸ್‌ಬರ್ಗ್‌ಗೆ ಬಂದು ನಾಲ್ಕು ವರ್ಷ ಆಯ್ತು. ಕ್ರಿಕೆಟ್ ಬಿಟ್ರೆ ಬೇರೆ ಆಟ ಗೊತ್ತಿರ್ಲಿಲ್ಲ, ಈಗ ಮಗ ಲಿಟಲ್ ಲೀಗ್ ಆಡ್ತಾನೆ, ಅವನಿಂದ ನಮಗೂ ಬೇಸ್‌ಬಾಲ್ ಹುಚ್ಚು ಹತ್ಕೊಂಡಿದೆ. ಪಾಲ್ ಸ್ಕೀನ್ಸ್ ಅಂದ್ರೆ ಅವನಿಗೆ ಪ್ರಾಣ. 2024ರಲ್ಲಿ ಅಷ್ಟು ಚೆನ್ನಾಗಿ ಪಿಚ್ (ಕ್ರಿಕೆಟ್‌ನ ಬೌಲಿಂಗ್ ಥರ) ಮಾಡ್ತಿದ್ದವನನ್ನ ನಮ್ಮೂರ ಟೀಮ್ ಪೈರೇಟ್ಸ್‌ನೋರು ಮೇ ತಿಂಗಳ ತನಕ ಇಂಡಿಯಾನಾಪೊಲಿಸ್‌ನ ತಮ್ಮ ಮೈನರ್ ಲೀಗ್ (ಕೆಳಗಿನ ಹಂತದ) ಟೀಮಲ್ಲೇ ಯಾಕೆ ಇಟ್ಕೊಂಡಿದ್ರು? ಆಫೀಸಲ್ಲಿ ಕೇಳಿದ್ರೆ "ಸರ್ವೀಸ್ ಟೈಮ್" ಅಂತಾರೆ, ಅದೇನು ಅಂತ ಬಿಡಿಸಿ ಹೇಳೋರಿಲ್ಲ. ಇನ್ನೊಬ್ರು "ಅವನಿಗೆ ಹೇಗೂ ಪೂರ್ತಿ ವರ್ಷ ಸಿಕ್ತಲ್ಲ" ಅಂತಾರೆ. ಹಂಗಾದ್ರೆ ಟೀಮ್‌ಗೆ ಸಿಕ್ಕಿದ್ದೇನು? ಕೊನೇದಾಗಿ, ಮಗನಿಗೆ ಸ್ಕೀನ್ಸ್ ಜೆರ್ಸಿ ಬೇಕಂತೆ, ದುಡ್ಡು ಕೊಟ್ಟು ಕೊಡಿಸಿದ್ಮೇಲೆ ಅವನು ಬೇರೆ ಊರಿಗೆ ಹೋಗಿಬಿಟ್ರೆ?

ಉತ್ತರ: ಮೇಡಂ, ಜೆರ್ಸಿ ವಿಷಯಕ್ಕೆ ಕೊನೆಗೆ ಬರ್ತೀನಿ, ಅದಕ್ಕೆ ಉತ್ತರ ಕೊಡ್ಬೇಕಂದ್ರೆ ಮಿಕ್ಕಿದ್ದೆಲ್ಲ ಹೇಳ್ಲೇಬೇಕು. ಸ್ವಲ್ಪ ಉದ್ದ ಆಗುತ್ತೆ, ಕಾಫಿ ಇಟ್ಕೊಂಡು ಕೂತ್ಕೊಳ್ಳಿ.

ನಿಮ್ಮ ಮನೇಲಿ ಯಾರಾದ್ರೂ ಸರ್ಕಾರಿ ಕೆಲಸದಲ್ಲಿದ್ರೆ ಅರ್ಧ ವಿಷಯ ನಿಮಗೆ ಆಗ್ಲೇ ಗೊತ್ತು. ನಮ್ಮಪ್ಪ ಹೈಸ್ಕೂಲ್ ಮೇಷ್ಟ್ರು. ಅವರ ಸರ್ವೀಸ್ ರಿಜಿಸ್ಟರ್‌ನಲ್ಲಿ ಯಾರೋ ಗುಮಾಸ್ತರು ಹನ್ನೊಂದು ದಿನದ ರಜೆನ ಸಂಬಳ ಇಲ್ಲದ ರಜೆ ಅಂತ ಬರೆದುಬಿಟ್ಟಿದ್ರು, ಅಷ್ಟಕ್ಕೆ ಇನ್‌ಕ್ರಿಮೆಂಟ್ ಮುಂದಕ್ಕೆ ಹೋಯ್ತು, ಸರಿ ಮಾಡಿಸೋಕೆ ಎರಡು ವರ್ಷ ಓಡಾಡಿದ್ರು. ಊಟಕ್ಕೆ ಕೂತಾಗ್ಲೂ ಅದೇ ಮಾತು, ಹನ್ನೊಂದು ದಿನ, ಹನ್ನೊಂದು ದಿನ. ಇನ್ನು ಫ್ಯಾಕ್ಟರಿ ಕಡೆಯವರಿಗೆ 240 ದಿನದ ಲೆಕ್ಕ ಗೊತ್ತಿರುತ್ತೆ, ವರ್ಷದಲ್ಲಿ 240 ದಿನ ಕೆಲಸ ಮಾಡಿದ್ರೆ ಒಂದು ವರ್ಷದ ಸತತ ಸೇವೆ ಅಂತ ಕಾನೂನು, ಅದಕ್ಕೇ ದಿನಗೂಲಿಯವರನ್ನ 230-235ಕ್ಕೆ ಬಂದ ಕೂಡ್ಲೆ "ಸ್ವಲ್ಪ ದಿನ ಬಿಟ್ಟು ಬಾರಪ್ಪ" ಅಂತ ಕಳಿಸೋರು. ಬ್ರೇಕ್ ಕೊಡೋದು ಅಂತಾರಲ್ಲ, ಅದು. ಅಮೆರಿಕದ ಬೇಸ್‌ಬಾಲ್‌ನಲ್ಲಿ ಕೋಟಿಗಟ್ಟಲೆ ಡಾಲರ್ ಬೆಲೆಬಾಳೋ ಹುಡುಗರಿಗೆ ಮಾಡೋದೂ ಅದೇ ಬ್ರೇಕೇ, ಸ್ವಲ್ಪ ಸೂಟು ಬೂಟು ಹಾಕ್ಕೊಂಡು ಮಾಡ್ತಾರೆ ಅಷ್ಟೇ. ಅಲ್ಲಿ 240ರ ಜಾಗದಲ್ಲಿ 172.

ಮೇಜರ್ ಲೀಗ್ ಸೀಸನ್ ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆ ತನಕ, ಸುಮಾರು 186-187 ದಿನ. ಮ್ಯಾಚ್ 162, ಆದ್ರೆ ಸರ್ವೀಸ್ ಲೆಕ್ಕ ಕ್ಯಾಲೆಂಡರ್ ದಿನದ್ದು. ಟೀಮಿನ 26 ಜನರ ರೋಸ್ಟರ್‌ನಲ್ಲಿ ಹೆಸರಿದ್ರೆ ಆ ದಿನ ಜಮಾ. ಆಡಿದ್ರೂ ಜಮಾ, ಡಗೌಟ್‌ನಲ್ಲಿ ಕೂತು ಸೂರ್ಯಕಾಂತಿ ಬೀಜ ಜಗಿದು ಉಗೀತಿದ್ರೂ ಜಮಾ, ಟೀಮಲ್ಲಿದ್ದಾಗ ಏಟು ಬಿದ್ದು ಇಂಜುರ್ಡ್ ಲಿಸ್ಟ್‌ಗೆ ಹೋದ್ರೂ ಜಮಾ. ಮೈನರ್ ಲೀಗ್‌ನಲ್ಲಿದ್ರೆ ಸೊನ್ನೆ, ಅಲ್ಲಿ ದಿನಾ ಹೋಮ್ ರನ್ ಹೊಡೆದ್ರೂ ಸೊನ್ನೆ. ಹಿಂಗೆ 172 ದಿನ ಆದ್ರೆ ಒಂದು ವರ್ಷದ ಸರ್ವೀಸ್. ಸೀಸನ್ ಪೂರ್ತಿ ಇದ್ರೂ ಒಂದೇ ವರ್ಷ, ಹೆಚ್ಚಿನ ದಿನ ಮುಂದಕ್ಕೆ ಸೇರ್ಕೊಳ್ಳಲ್ಲ. ಬರೆಯೋ ರೀತಿನೂ ಒಂಥರಾ ವಿಚಿತ್ರ: 2.171 ಅಂದ್ರೆ ಎರಡು ವರ್ಷ 171 ದಿನ, ದಶಮಾಂಶ ಅಲ್ಲ ಅದು. ಅದಕ್ಕೆ ಒಂದು ದಿನ ಸೇರಿದ್ರೆ 2.172 ಅಂತ ಆಗಲ್ಲ, ಸೀದಾ 3.000. ಆಟೋ ಮೀಟರ್ ತಿರುಗಿದ ಹಾಗೆ.

ಆ ಮೀಟರ್ ಮೇಲೆ ನಿಂತಿರೋದು ಹುಡುಗನ ಪೂರ್ತಿ ಸಂಪಾದನೆ. ಮೊದಲ ಮೂರು ವರ್ಷ ಟೀಮ್ ಕೊಟ್ಟಿದ್ದೇ ಸಂಬಳ, ಕನಿಷ್ಠಕ್ಕಿಂತ ಕೆಳಗೆ ಇಳಿಯೋ ಹಾಗಿಲ್ಲ ಅನ್ನೋದೊಂದು ಬಿಟ್ರೆ. ಆ ಕನಿಷ್ಠ 2024ರಲ್ಲಿ 7 ಲಕ್ಷ 40 ಸಾವಿರ ಡಾಲರ್, 2026ಕ್ಕೆ 7 ಲಕ್ಷ 80 ಸಾವಿರ. ಇದು ಕಡಿಮೆನಾ ಅಂತ ನಮ್ಮಂಥೋರಿಗೆ ಅನ್ಸುತ್ತೆ, ಸರಿನೇ, ಆದ್ರೆ ಅದೇ ಲಾಕರ್ ರೂಮ್‌ನಲ್ಲಿ ಪಕ್ಕದ ಕುರ್ಚಿಯವನು ಎರಡು ಕೋಟಿ ಡಾಲರ್ ತಗೋತಿರ್ತಾನೆ, ಇವನಿಗಿಂತ ಕೆಟ್ಟದಾಗಿ ಆಡ್ಕೊಂಡು. ಮೂರು ವರ್ಷ ಆದ್ಮೇಲೆ ಆರ್ಬಿಟ್ರೇಷನ್ ಶುರು: ಹುಡುಗ ಒಂದು ಅಂಕಿ ಹೇಳ್ತಾನೆ, ಟೀಮ್ ಒಂದು ಅಂಕಿ ಹೇಳುತ್ತೆ, ಮಾತುಕತೇಲಿ ಮುಗೀದಿದ್ರೆ ಪಂಚಾಯ್ತಿಗೆ ಹೋಗುತ್ತೆ, ಪಂಚಾಯ್ತಿಯವರು ಎರಡರಲ್ಲಿ ಒಂದನ್ನ ಆರಿಸ್ಬೇಕು, ಮಧ್ಯದಲ್ಲಿ ಎಲ್ಲೋ ಕೂರಿಸಿ ಇಬ್ರನ್ನೂ ಸಮಾಧಾನ ಮಾಡೋ ಹಾಗಿಲ್ಲ. ಅಲ್ಲಿ ಸಂಬಳ ವರ್ಷ ವರ್ಷಕ್ಕೆ ಏರುತ್ತೆ, ಆದ್ರೂ ಹುಡುಗ ಅದೇ ಟೀಮಿನೋನೇ. ಆರು ವರ್ಷ ಪೂರ್ತಿ ಆದ್ಮೇಲೆ ಫ್ರೀ ಏಜೆಂಟ್, ಆಗ 30 ಟೀಮಲ್ಲಿ ಯಾರು ಹೆಚ್ಚು ಕೊಟ್ರೆ ಅವರ ಮನೆಗೆ.

ಐಪಿಎಲ್ ನೋಡಿದವರಿಗೆ ಇದು ತಲೆಗೆ ಹೋಗೋದು ಕಷ್ಟ, ಅಲ್ಲಿ ಮೂರು ವರ್ಷಕ್ಕೊಂದ್ಸಲ ಮೆಗಾ ಆಕ್ಷನ್ ಬಂದು ಎಲ್ಲಾ ಕಲಸುಮೇಲೋಗರ ಆಗುತ್ತೆ. ಇಲ್ಲಿ ಮೊದಲು ಹಿಡಿದವನ ಹಿಡಿತ ಆರು ವರ್ಷ, ಅದರ ಹಿಂದೆ ಮೈನರ್ ಲೀಗ್‌ನಲ್ಲಿ ಕಳೆದ ವರ್ಷಗಳು ಬೇರೆ.

ಈಗ ಟೀಮ್ ಮ್ಯಾನೇಜರ್ ಕುರ್ಚಿಲಿ ನೀವೇ ಕೂತ್ಕೊಂಡು ಯೋಚಿಸಿ. ಪ್ರಾಸ್ಪೆಕ್ಟ್ ಒಬ್ಬ ಇದಾನೆ, ಅಂದ್ರೆ ಮುಂದೆ ದೊಡ್ಡವನಾಗ್ತಾನೆ ಅಂತ ಎಲ್ಲರೂ ಕಣ್ಣಿಟ್ಟಿರೋ ಹುಡುಗ, 22 ವರ್ಷ, ರೆಡಿ ಆಗಿದಾನೆ. ಮೊದಲ ದಿನದಿಂದಲೇ ಕರ್ಕೊಂಡ್ರೆ ಆರು ಸೀಸನ್ ನಿಮ್ಮೋನು, 28ಕ್ಕೆ ಹೊರಟು ಹೋಗ್ತಾನೆ. ಹದಿನೈದು-ಹದಿನಾರು ದಿನ ತಡ ಮಾಡಿ ಏಪ್ರಿಲ್ ಮಧ್ಯದಲ್ಲಿ ಕರೆದ್ರೆ ಆ ವರ್ಷ 171ಕ್ಕೇ ನಿಲ್ಲುತ್ತೆ, ವರ್ಷ ಆಗಿಲ್ಲ ಅಂತ ಲೆಕ್ಕ, ಆರು ವರ್ಷ ತುಂಬೋಕೆ ಏಳನೇ ಸೀಸನ್ ಆಡ್ಬೇಕು. ಚಳಿ ಏಪ್ರಿಲ್‌ನ ಹದಿನೈದು ಮ್ಯಾಚ್ ಬಿಟ್ಕೊಟ್ಟು, 28ನೇ ವಯಸ್ಸಿನ ಪೂರ್ತಿ ಒಂದು ಸೀಸನ್ ತಗೊಳ್ಳೋದು. ಯಾವ ಶೆಟ್ರು ಈ ವ್ಯಾಪಾರ ಬೇಡ ಅಂತಾರೆ ಹೇಳಿ. ನನಗೆ ಟೀಮ್‌ಗಳ ಮೇಲೆ ಸಿಟ್ಟು ಬರೋದು ಕಡಿಮೆ, ನಿಯಮ ಬರೆದು ಬಾಗ್ಲು ತೆಗೆದಿಟ್ಟವರ ಮೇಲೇ ಜಾಸ್ತಿ.

ಇದಕ್ಕೆ ಎಲ್ರೂ ಕೊಡೋ ಉದಾಹರಣೆ ಕ್ರಿಸ್ ಬ್ರಯಂಟ್, ನಾನೂ ಅದನ್ನೇ ಕೊಡ್ತೀನಿ, ಯಾಕಂದ್ರೆ ಆಗ ನಾನು ಶಿಕಾಗೋದಲ್ಲೇ ಇದ್ದೆ. 2015ರ ಸ್ಪ್ರಿಂಗ್ ಟ್ರೈನಿಂಗ್‌ನಲ್ಲಿ, ಅಂದ್ರೆ ಸೀಸನ್‌ಗೆ ಮುಂಚಿನ ಅಭ್ಯಾಸ ಮ್ಯಾಚ್‌ಗಳಲ್ಲಿ, ಆ ಹುಡುಗ 9 ಹೋಮ್ ರನ್ (ನಮ್ಮ ಸಿಕ್ಸರ್ ಥರ) ಹೊಡೆದು .425 ಸರಾಸರಿ (ಸಾವಿರ ಸಲಕ್ಕೆ 425 ಹಿಟ್ ಲೆಕ್ಕ) ಇಟ್ಟಿದ್ದ, ಎಲ್ಲಾ ಟೀಮಿನ ಎಲ್ಲರಿಗಿಂತ ಜಾಸ್ತಿ ಹೋಮ್ ರನ್ ಇವಂದೇ. ಅವನ ಟೀಮ್ ಶಿಕಾಗೊ ಕಬ್ಸ್‌ನೋರು ಏನಂದ್ರು? ಡಿಫೆನ್ಸ್ (ಫೀಲ್ಡಿಂಗ್) ಇನ್ನೂ ಸ್ವಲ್ಪ ಪಕ್ವ ಆಗ್ಬೇಕು ಅಂತ ಮೈನರ್‌ಗೆ ಕಳಿಸಿದ್ರು. ಸೀಸನ್ ಏಪ್ರಿಲ್ 5ಕ್ಕೆ ಶುರು, ಇವನನ್ನ ಕರೆದದ್ದು 17ಕ್ಕೆ. ಹನ್ನೆರಡು ದಿನದಲ್ಲಿ ಡಿಫೆನ್ಸ್ ಪಕ್ವ ಆಯ್ತಂತೆ! ಮೂರನೇ ಬೇಸ್‌ನ ಇನ್ನೊಬ್ಬನಿಗೆ ಗಾಯ ಆಗಿತ್ತು, ಅದಕ್ಕೇ ಕರೆದ್ವಿ ಅಂತ ಅವರ ವಿವರಣೆ. ಈಗ ಬೆರಳೆಣಿಸಿ: ಏಪ್ರಿಲ್ 17ರಿಂದ 30ರ ತನಕ 14 ದಿನ, ಮೇ 31, ಜೂನ್ 30, ಜುಲೈ 31, ಆಗಸ್ಟ್ 31, ಸೆಪ್ಟೆಂಬರ್ 30, ಅಕ್ಟೋಬರ್ 4. ಒಟ್ಟು 171. ಒಂದೇ ಒಂದು ದಿನ ಕಡಿಮೆ.

ಅವತ್ತು ಶುಕ್ರವಾರ, ರಿಗ್ಲಿ ಫೀಲ್ಡ್‌ನಲ್ಲಿ ಮಧ್ಯಾಹ್ನದ ಮ್ಯಾಚು, ನಮ್ಮ ಆಫೀಸಲ್ಲಿ ಅರ್ಧ ಜನ ನಾಪತ್ತೆ. ಮಿಕ್ಕಿದ ನಾವು ಪ್ಯಾಂಟ್ರಿ ಟೀವಿ ಮುಂದೆ. ಹುಡುಗ ನಾಲ್ಕು ಸಲ ಬ್ಯಾಟ್ ಹಿಡಿದ, ಮೂರು ಸಲ ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್ ಆಗಿ ಔಟ್), ಒಂದು ಹಿಟ್ಟೂ ಇಲ್ಲ. ನನ್ನ ಪಕ್ಕ ನಿಂತಿದ್ದ ಅಕೌಂಟ್ಸ್‌ನೋನು "ಇವತ್ತಿನ ತಾರೀಖು ನೆನಪಿಟ್ಕೋ, ಆಟಕ್ಕಲ್ಲ, ಲೆಕ್ಕಕ್ಕೆ" ಅಂದ. ನನಗೆ ಆಗ ಅರ್ಥ ಆಗ್ಲಿಲ್ಲ. ಸಂಜೆ ಟ್ರೈನಲ್ಲಿ ಕೂತು ಫೋನ್ ಕ್ಯಾಲೆಂಡರ್ ತೆಗೆದು ಎಣಿಸಿದಾಗ 171 ಬಂತು, ಮತ್ತೆ ಎಣಿಸಿದೆ, ಮತ್ತೆ 171. ನಮ್ಮಪ್ಪನ ಹನ್ನೊಂದು ದಿನ ನೆನಪಾಗಿ ನಗು ಬಂದುಬಿಡ್ತು. ಅಲ್ಲಿಂದ ಈ ವಿಷಯದ ಹಿಂದೆ ಬಿದ್ದವನು ಇನ್ನೂ ಬಿಟ್ಟಿಲ್ಲ.

ಬ್ರಯಂಟ್ ಆ ವರ್ಷ ರೂಕಿ ಆಫ್ ದ ಇಯರ್ (ಹೊಸಬರಲ್ಲಿ ಅತ್ಯುತ್ತಮ) ಆದ, ಮುಂದಿನ ವರ್ಷ ಎಂವಿಪಿ (ಲೀಗ್‌ನ ಅತ್ಯುತ್ತಮ ಆಟಗಾರ) ಆದ, ಕಬ್ಸ್ 108 ವರ್ಷ ಆದ್ಮೇಲೆ ವರ್ಲ್ಡ್ ಸೀರೀಸ್ (ಸೀಸನ್‌ನ ಫೈನಲ್) ಗೆದ್ದಾಗ ಕೊನೇ ಔಟ್‌ನ ಬಾಲ್ ಎತ್ತಿ ನಗ್ತಾ ಫಸ್ಟ್ ಬೇಸ್‌ಗೆ ಎಸೆದವನೂ ಇವನೇ. ಆಟಗಾರರ ಯೂನಿಯನ್ 2015ರಲ್ಲೇ ದೂರು ಹಾಕಿತ್ತು, ತೀರ್ಪು ಬಂದಿದ್ದು 2020ರ ಶುರುವಲ್ಲಿ, ಬ್ರಯಂಟ್ ಸೋತ. ಸೋಲದೆ ಇನ್ನೇನು, ಟೀಮಿನೋರ ಮನಸ್ಸಲ್ಲಿ ಕಳ್ಳ ಲೆಕ್ಕ ಇತ್ತು ಅಂತ ಸಾಬೀತು ಮಾಡೋದು ಹೇಗೆ? ಡಿಫೆನ್ಸ್ ಪಕ್ವ ಆಗಿರ್ಲಿಲ್ಲ ಅಂತ ಅವರು ಅಂದ್ರೆ ಪಕ್ವದ ಅಳತೆಗೋಲು ಯಾರ ಹತ್ರ ಇದೆ?

ಆ ಒಂದು ದಿನದಿಂದ 2020ಕ್ಕೆ ಮುಗೀಬೇಕಿದ್ದ ಅವನ ಕಟ್ಟು 2021ಕ್ಕೆ ಹೋಯ್ತು. ಕಬ್ಸ್ ಆ ವರ್ಷ ಅವನಿಗೆ 1 ಕೋಟಿ 95 ಲಕ್ಷ ಡಾಲರ್ ಸಂಬಳ ಒಪ್ಕೊಂಡು, ಜುಲೈ ಕೊನೇಲಿ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್‌ಗೆ ಕೊಟ್ಟು ಬದಲಿಗೆ ಇಬ್ರು ಎಳೇ ಹುಡುಗರನ್ನ ತಗೊಂಡ್ರು. ಅಂದ್ರೆ 2015ರಲ್ಲಿ ಎತ್ತಿಟ್ಟ ಸೀಸನ್‌ನ ಅರ್ಧ ಅವರು ಆಡಿಸಿದ್ರು, ಇನ್ನರ್ಧ ಮಾರಿದ್ರು. ಆದ್ರೆ ಇಲ್ಲೊಂದು ತಮಾಷೆ ಇದೆ. 2020 ಕೋವಿಡ್ ವರ್ಷ, ಬ್ರಯಂಟ್ ಸರಾಸರಿ .206ಕ್ಕೆ ಬಿದ್ದಿತ್ತು, ಮಾರ್ಕೆಟ್ಟೂ ಬಿದ್ದಿತ್ತು. ಆಗ ಬಿಡುಗಡೆ ಆಗಿದ್ರೆ ಪಾಪ ಏನು ಸಿಗ್ತಿತ್ತೋ. ಒಂದು ವರ್ಷ ಬಿಟ್ಟು ಆಡಿ ಸುಧಾರಿಸ್ಕೊಂಡು ಕೊಲೊರಾಡೊ ರಾಕೀಸ್ ಹತ್ರ ಏಳು ವರ್ಷಕ್ಕೆ 18 ಕೋಟಿ 20 ಲಕ್ಷ ಡಾಲರ್ ಬರೆಸ್ಕೊಂಡ. ಅನ್ಯಾಯ ಆಗಿದ್ದು ನಿಜ, ನಷ್ಟ ಆಯ್ತಾ ಅಂದ್ರೆ ನಾನಂತೂ ಆಯ್ತು ಅಂತ ಆಣೆ ಇಡಲ್ಲ.

ಈ ಆರು ವರ್ಷ ಎಲ್ಲಿಂದ ಬಂತು ಅಂತ ಕೇಳ್ಬಹುದು. 1975ರ ಡಿಸೆಂಬರ್ ತನಕ ಆಟಗಾರ ಸಾಯೋ ತನಕ ಟೀಮಿನ ಆಸ್ತಿ, ಕಾಂಟ್ರಾಕ್ಟ್‌ನ ಆ ಕಲಮಿಗೆ ರಿಸರ್ವ್ ಕ್ಲಾಸ್ (clause) ಅಂತಿದ್ರು. ಆ ತಿಂಗಳು ಆರ್ಬಿಟ್ರೇಟರ್ ಪೀಟರ್ ಸೈಟ್ಸ್ ಅದನ್ನ ಮುರಿದು ಹಾಕಿದ್ರು, ಇದ್ದಕ್ಕಿದ್ದ ಹಾಗೆ ಎಲ್ಲರೂ ಸ್ವತಂತ್ರ ಆಗೋ ಪರಿಸ್ಥಿತಿ. ಆಗ ಯೂನಿಯನ್ ಮುಖ್ಯಸ್ಥ ಮಾರ್ವಿನ್ ಮಿಲ್ಲರ್ ಏನು ಯೋಚಿಸಿದ್ರು ಗೊತ್ತಾ, ಪ್ರತಿ ವರ್ಷ ಎಲ್ಲರೂ ಮಾರ್ಕೆಟ್‌ಗೆ ಬಂದ್ರೆ ಟೊಮೆಟೊ ಬೆಲೆ ಬಿದ್ದ ಹಾಗೆ ಬೀಳುತ್ತೆ, ವರ್ಷಕ್ಕೆ ಸ್ವಲ್ಪ ಜನ ಮಾತ್ರ ಬಂದ್ರೆ ಅವರಿಗೆ ಬೆಲೆ ಏರುತ್ತೆ, ಅವರನ್ನ ನೋಡಿ ಮಿಕ್ಕಿದವರಿಗೂ ಏರುತ್ತೆ. ಹಂಗಾಗಿ 1976ರ ಒಪ್ಪಂದದಲ್ಲಿ ಆರು ವರ್ಷಕ್ಕೆ ಒಪ್ಕೊಂಡ್ರು. ಹಿರಿಯ ಆಟಗಾರರಿಗೆ ಅದು ಭರ್ಜರಿ ಲಾಭ ಆಯ್ತು. ಬಿಲ್ ಕಟ್ಟಿದ್ದು ಮಾತ್ರ ಆಗ ಯೂನಿಯನ್‌ಗೇ ಸೇರಿರದ ಮೈನರ್ ಹುಡುಗರು (ಅವರು ಸೇರಿದ್ದು 2022ರಲ್ಲಿ), ಅವರ ಪರ ಮಾತಾಡೋಕೆ ಆ ರೂಮಲ್ಲಿ ಯಾರೂ ಇರ್ಲಿಲ್ಲ.

ಇದನ್ನ ಟೀಮಿನೋರು ಬಾಯ್ಬಿಟ್ಟು ಒಪ್ಕೊಳ್ಳಲ್ಲ, ಒಪ್ಕೊಂಡ್ರೆ ದೂರಿಗೆ ಸಾಕ್ಷಿ ಆಗುತ್ತೆ. ಒಬ್ರು ಮಾತ್ರ ಬಾಯಿ ಜಾರಿದ್ರು. ಸಿಯಾಟಲ್ ಮ್ಯಾರಿನರ್ಸ್ ಅಧ್ಯಕ್ಷ ಕೆವಿನ್ ಮ್ಯಾದರ್, 2021ರ ಫೆಬ್ರವರಿ, ಒಂದು ರೋಟರಿ ಕ್ಲಬ್‌ನ ವಿಡಿಯೊ ಮೀಟಿಂಗು. ಬೆಳಗ್ಗೆ ತಿಂಡಿ ಹೊತ್ತಿನ ಹರಟೆ ಅಂದ್ಕೊಂಡು, ಎಳೇ ಹುಡುಗರನ್ನ ಹಿಂದಿನ ವರ್ಷ ಮೇಲೆ ತರದೆ ಇದ್ದಿದ್ದರ ಹಿಂದೆ ಸರ್ವೀಸ್ ಲೆಕ್ಕ ಇತ್ತು ಅಂತಲೂ, ತಮ್ಮ ಪ್ರಾಸ್ಪೆಕ್ಟ್ ಜ್ಯಾರೆಡ್ ಕೆಲೆನಿಕ್ ಉದ್ದದ ಕಾಂಟ್ರಾಕ್ಟ್ ಬೇಡ ಅಂದ ಅಂತಲೂ ಎಲ್ಲಾ ಬಿಚ್ಚಿಟ್ರು. ಆ ವಿಡಿಯೊ ಹೊರಗೆ ಬಂದು ಒಂದೆರಡು ದಿನಕ್ಕೇ ರಾಜೀನಾಮೆ. ನನ್ನ ಕೇಳಿದ್ರೆ ಆ ಮನುಷ್ಯ ತಪ್ಪು ಮಾಡಿದ್ದು ಒಂದೇ, ಎಲ್ಲರಿಗೂ ಗೊತ್ತಿದ್ದನ್ನ ಮೈಕ್ ಮುಂದೆ ಹೇಳಿದ್ದು.

ಇನ್ನೊಂದು ಜೋಡಿ ಹೇಳ್ತೀನಿ, ಇದು ನನಗೆ ಬ್ರಯಂಟ್‌ಗಿಂತ ಇಷ್ಟ. 2019. ನ್ಯೂಯಾರ್ಕ್ ಮೆಟ್ಸ್ ಪೀಟ್ ಅಲಾನ್ಸೊನ ಮೊದಲ ದಿನವೇ ಇಳಿಸಿದ್ರು. ಆಗ ಮೆಟ್ಸ್ ಜನರಲ್ ಮ್ಯಾನೇಜರ್ ಬ್ರೋಡಿ ವ್ಯಾನ್ ವ್ಯಾಗನೆನ್ ಅಂತ, ಅದಕ್ಕೆ ಮುಂಚೆ ಆಟಗಾರರ ಏಜೆಂಟ್ ಆಗಿದ್ದೋರು, ಬಹುಶಃ ಅದಕ್ಕೇ ಈ ಲೆಕ್ಕ ಬದಿಗಿಟ್ರು. ಅಲಾನ್ಸೊ 53 ಹೋಮ್ ರನ್ ಹೊಡೆದು ರೂಕಿ ದಾಖಲೆ ಮಾಡಿದ. ಅದೇ ವರ್ಷ ಟೊರಾಂಟೊ ಬ್ಲೂ ಜೇಸ್ ವ್ಲಾಡಿಮಿರ್ ಗೆರೆರೊ ಜೂನಿಯರ್‌ನ ಏಪ್ರಿಲ್ 26ಕ್ಕೆ ಕರೆದ್ರು. ಅದರ ಹಿಂದಿನ ವರ್ಷ 19ರ ಹುಡುಗ ಮೈನರ್‌ನಲ್ಲಿ .381 ಹೊಡೆದಿದ್ದ, ಆದ್ರೂ ಸೆಪ್ಟೆಂಬರ್‌ನಲ್ಲೂ ಕರೀಲಿಲ್ಲ, ಕಾರಣ? ಡಿಫೆನ್ಸ್! (2019ರ ಮಾರ್ಚ್‌ನಲ್ಲಿ ಪಕ್ಕೆ ಸ್ನಾಯು ನೋವು ಮಾಡ್ಕೊಂಡಿದ್ದೂ ನಿಜ, ಟೀಮಿಗೆ ಅದು ವರದಾನ.) ಈಗ ಫಲ ನೋಡಿ. ಅಲಾನ್ಸೊ 2024 ಸೀಸನ್ ಮುಗಿದ ಕೂಡ್ಲೆ ಫ್ರೀ ಏಜೆಂಟ್. ಗೆರೆರೊ 2025 ಮುಗಿಯೋ ತನಕ ಕಟ್ಟು. ಆ ಹೆಚ್ಚುವರಿ ವರ್ಷದೊಳಗೆ, 2025ರ ಏಪ್ರಿಲ್‌ನಲ್ಲಿ, ಟೊರಾಂಟೊ ಅವನನ್ನ ಕೂರಿಸ್ಕೊಂಡು 14 ವರ್ಷಕ್ಕೆ 50 ಕೋಟಿ ಡಾಲರ್‌ಗೆ ಸಹಿ ಹಾಕಿಸಿತು, ಅದೇ ವರ್ಷ ವರ್ಲ್ಡ್ ಸೀರೀಸ್‌ನ ಏಳನೇ ಮ್ಯಾಚ್ ತನಕ ಹೋಯ್ತು. 2019ರ ಆ ನಾಲ್ಕು ವಾರ ಟೊರಾಂಟೊಗೆ ಏನು ಕೊಡ್ತು ಅಂತ ನೀವೇ ಲೆಕ್ಕ ಹಾಕಿ.

ಇನ್ನೊಂದು ಗೆರೆ ಇದೆ, ಸೂಪರ್ ಟೂ ಅಂತ. ಬೇಗ ಹೇಳಿ ಮುಗಿಸ್ತೀನಿ. ಎರಡರಿಂದ ಮೂರು ವರ್ಷದ ಮಧ್ಯೆ ಇರೋರಲ್ಲಿ ಸರ್ವೀಸ್ ಜಾಸ್ತಿ ಇರೋ ಮೇಲಿನ 22 ಪರ್ಸೆಂಟ್ ಹುಡುಗರಿಗೆ ಆರ್ಬಿಟ್ರೇಷನ್ ಒಂದು ವರ್ಷ ಮುಂಚೆನೇ ಸಿಗುತ್ತೆ, ಮೂರರ ಬದಲು ನಾಲ್ಕು ಸಲ ಸಂಬಳ ಏರುತ್ತೆ. ಬ್ರಯಂಟ್‌ಗೂ ಹಿಂಗೇ ಸಿಕ್ಕಿದ್ದು, ಅವನು 2.171ರಲ್ಲಿದ್ದ ನೋಡಿ. ಈ ಗೆರೆ ಎಲ್ಲಿ ಬೀಳುತ್ತೆ ಅಂತ ಮುಂಚೆ ಗೊತ್ತಾಗಲ್ಲ, ಒಂದು ವರ್ಷ 2.116, ಇನ್ನೊಂದು ವರ್ಷ 2.132, ಹಿಂಗೆ ಅಲ್ಲಾಡ್ತಿರುತ್ತೆ. ಇದನ್ನೂ ತಪ್ಪಿಸ್ಬೇಕು ಅಂತ ಜಿಪುಣ ಟೀಮ್‌ಗಳು ಜೂನ್ ತನಕ ತಡೀತಿದ್ವು. ಹಾಗಾಗಿ ಯಾರಾದ್ರೂ ಹುಡುಗ ಏಪ್ರಿಲ್ ಮೂರನೇ ವಾರ ಬಂದ್ರೆ ಏಳನೇ ಸೀಸನ್‌ಗೋಸ್ಕರ, ಜೂನ್‌ನಲ್ಲಿ ಬಂದ್ರೆ ಏಳನೇ ಸೀಸನ್ ಜತೆಗೆ ಚಿಲ್ಲರೆನೂ ಉಳಿಸೋಕೆ, ಅಂತ ನಾವು ನೋಡೋರು ಊಹೆ ಮಾಡ್ತಿದ್ವಿ, ಬಹುತೇಕ ಸರಿ ಆಗ್ತಿತ್ತು.

2021ರ ಡಿಸೆಂಬರ್‌ನಲ್ಲಿ ಮಾಲೀಕರು ಬೀಗ ಹಾಕಿ, 99 ದಿನ ಜಗಳ ಆಗಿ, 2022ರ ಮಾರ್ಚ್‌ನಲ್ಲಿ ಹೊಸ ಒಪ್ಪಂದ ಬಂತು. 172ನ ಮುಟ್ಟೋಕೆ ಮಾಲೀಕರು ಬಿಡ್ಲಿಲ್ಲ. ಬದಲಿಗೆ ಎರಡು ತೇಪೆ ಹಾಕಿದ್ರು, ಒಂದು ಬೆಲ್ಲ ಒಂದು ಬೆತ್ತ. ಬೆಲ್ಲ ಏನಂದ್ರೆ, ಹೆಸರಾಂತ ಟಾಪ್ 100 ಪ್ರಾಸ್ಪೆಕ್ಟ್ ಪಟ್ಟಿಗಳಲ್ಲಿರೋ ಹುಡುಗನನ್ನ ವರ್ಷ ತುಂಬೋ ಹಾಗೆ ಮೊದಲಿಂದಲೇ ಆಡಿಸಿದ್ರೆ, ಅವನು ರೂಕಿ ಆಫ್ ದ ಇಯರ್ ಗೆದ್ರೆ, ಅಥವಾ ಆರ್ಬಿಟ್ರೇಷನ್‌ಗೆ ಮುಂಚೆ ಎಂವಿಪಿ ಇಲ್ಲಾ ಸೈ ಯಂಗ್ (ಅತ್ಯುತ್ತಮ ಪಿಚರ್ ಪ್ರಶಸ್ತಿ) ಓಟಿಂಗ್‌ನಲ್ಲಿ ಮೊದಲ ಮೂರರೊಳಗೆ ಬಂದ್ರೆ, ಟೀಮ್‌ಗೆ ಮೊದಲ ರೌಂಡ್ ಆದ ಕೂಡ್ಲೆ ಒಂದು ಹೆಚ್ಚುವರಿ ಡ್ರಾಫ್ಟ್ ಪಿಕ್, ಅಂದ್ರೆ ಹೊಸ ಹುಡುಗರನ್ನ ಸರದಿ ಪ್ರಕಾರ ಆರಿಸ್ಕೊಳ್ಳೋವಾಗ ಒಂದು ಹೆಚ್ಚಿನ ಸರದಿ. ಬೆತ್ತ ಏನಂದ್ರೆ, ಟೀಮ್ ತಡ ಮಾಡಿ ಕರೆದ್ರೂ, ಆ ಹುಡುಗ ರೂಕಿ ಓಟಿಂಗ್‌ನಲ್ಲಿ ಮೊದಲನೇ ಅಥವಾ ಎರಡನೇ ಸ್ಥಾನ ಬಂದ್ರೆ ಅವನಿಗೆ ಪೂರ್ತಿ ವರ್ಷದ ಸರ್ವೀಸ್ ಬರೆದುಕೊಡ್ಬೇಕು. ಕೂರಿಸಿದ್ದೆಲ್ಲ ವೇಸ್ಟ್.

ಬೆಲ್ಲ ಮೊದಲು ತಿಂದಿದ್ದು ಅದೇ ಸಿಯಾಟಲ್! ಹುಲಿಯೊ ರೊಡ್ರಿಗೆಜ್‌ನ 2022ರ ಮೊದಲ ದಿನವೇ ಇಳಿಸಿದ್ರು, ಅವನು ರೂಕಿ ಪ್ರಶಸ್ತಿ ಗೆದ್ದ, 2023ರ ಡ್ರಾಫ್ಟ್‌ನಲ್ಲಿ 29ನೇ ಪಿಕ್ ಪುಕ್ಕಟೆ ಸಿಕ್ತು. ಬೆತ್ತದ ಏಟು ಬಿದ್ದಿದ್ದು ಬಾಲ್ಟಿಮೋರ್‌ಗೆ, ಆಡ್ಲಿ ರಚ್‌ಮನ್ 2022ರ ಮೇ 21ಕ್ಕೆ ಬಂದು ಓಟಿಂಗ್‌ನಲ್ಲಿ ಎರಡನೆಯವನಾಗಿ ಪೂರ್ತಿ ವರ್ಷ ಕಿತ್ಕೊಂಡ. ಆದ್ರೆ ಬಾಲ್ಟಿಮೋರ್‌ನೋರು ಪಾಠನೂ ಬೇಗ ಕಲಿತ್ರು. ರೂಕಿ ಅನ್ನಿಸ್ಕೊಳ್ಳೋಕೆ ಹಿಂದಿನ ವರ್ಷ ರೋಸ್ಟರ್‌ನಲ್ಲಿ 45 ದಿನ ದಾಟಿರ್ಬಾರ್ದು ಅನ್ನೋ ನಿಯಮ ಇದೆ, ಅದನ್ನ ನೋಡ್ಕೊಂಡು ಗನ್ನರ್ ಹೆಂಡರ್ಸನ್‌ನ ಅದೇ ವರ್ಷ ಆಗಸ್ಟ್ 31ಕ್ಕೆ ಕರೆದು ರುಚಿ ತೋರಿಸಿ, 2023ರಲ್ಲಿ ರೂಕಿ ಆಗೇ ಶುರು ಮಾಡಿಸಿ, ಅವನು ಪ್ರಶಸ್ತಿ ಗೆದ್ದು ಪಿಕ್ ತಂದುಕೊಟ್ಟ. ಅರಿಜೋನಾದವರು ಕಾರ್ಬಿನ್ ಕ್ಯಾರಲ್ ಜತೆ ಆಗಸ್ಟ್ 29ಕ್ಕೆ ಮಾಡಿದ್ದೂ ಇದೇ. ಅಂದ್ರೆ ಹಳೇ ಕ್ಯಾಲೆಂಡರ್‌ನಲ್ಲಿ ಏಪ್ರಿಲ್ ಮೂರನೇ ವಾರಕ್ಕೆ ಕೆಂಪು ಗುರುತು ಇತ್ತು, ಹೊಸದರಲ್ಲಿ ಆಗಸ್ಟ್ ಕೊನೆಗೂ ಒಂದು ಬಿತ್ತು.

ಇದೆಲ್ಲ ಟಾಪ್ 100ರ ಹುಡುಗರ ಕಥೆ ಅನ್ನೋದು ಮರೀಬೇಡಿ. ಬುಲ್‌ಪೆನ್‌ನಲ್ಲಿ (ಬದಲಿ ಪಿಚರ್‌ಗಳ ಸಾಲಲ್ಲಿ) ಆರನೆಯೋ ಏಳನೆಯೋ ಪಿಚರ್ ಆಗಿರೋನಿಗೆ ಬೆಲ್ಲನೂ ಇಲ್ಲ ಬೆತ್ತನೂ ಇಲ್ಲ, ಅವನನ್ನ ಮಂಗಳವಾರ ಕರೆದು ಶುಕ್ರವಾರ ಕಳಿಸ್ತಾರೆ. ಈಗ ಒಂದು ಸೀಸನ್‌ನಲ್ಲಿ ಐದು ಸಲಕ್ಕಿಂತ ಹೆಚ್ಚು ಹಂಗೆ ಕೆಳಗೆ ಕಳಿಸೋ ಹಾಗಿಲ್ಲ ಅಂತ ಮಾಡಿದಾರೆ, ಅದೇ ದೊಡ್ಡ ಸುಧಾರಣೆ.

ಇನ್ನೊಂದು ದಾರಿ ಅಂದ್ರೆ, ಹುಡುಗ ಒಂದು ಮ್ಯಾಚೂ ಆಡೋ ಮುಂಚೆ ಉದ್ದದ ಕಾಂಟ್ರಾಕ್ಟ್ ಬರೆಸ್ಕೊಳ್ಳೋದು. 2019ರಲ್ಲಿ ಶಿಕಾಗೊ ವೈಟ್ ಸಾಕ್ಸ್ ಎಲೋಯ್ ಹಿಮೆನೆಜ್‌ನ ಮೈನರ್‌ಗೆ ಕಳಿಸಿದ್ರು, ಆಮೇಲೆ ಆರು ವರ್ಷ 4 ಕೋಟಿ 30 ಲಕ್ಷ ಡಾಲರ್‌ಗೆ ಸಹಿ ಬಿತ್ತು, ಮೊದಲ ದಿನವೇ ಟೀಮಲ್ಲಿ ಪ್ರತ್ಯಕ್ಷ. ಸಹಿ ಹಾಕಿದ ಕೂಡ್ಲೆ ಡಿಫೆನ್ಸ್ ಸರಿಹೋಗೋ ಔಷಧಿ ಇದೊಂದೇ.

ಸರಿ, ಸ್ಕೀನ್ಸ್‌ಗೆ ಬರೋಣ. 2023ರ ಜುಲೈನಲ್ಲಿ ಡ್ರಾಫ್ಟ್‌ನ ಮೊದಲನೇ ಪಿಕ್, ಸೇರೋಕೆ ಬೋನಸ್ 92 ಲಕ್ಷ ಡಾಲರ್. 2024ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಏಳು ಮ್ಯಾಚ್ ಶುರು ಮಾಡಿ 27 ಚಿಲ್ಲರೆ ಇನ್ನಿಂಗ್ಸ್‌ನಲ್ಲಿ 45 ಸ್ಟ್ರೈಕ್‌ಔಟ್, ಇಆರ್‌ಎ (ಒಂಬತ್ತು ಇನ್ನಿಂಗ್ಸ್‌ಗೆ ಬಿಟ್ಕೊಟ್ಟ ರನ್ ಸರಾಸರಿ, ಕಮ್ಮಿ ಇದ್ದಷ್ಟೂ ಒಳ್ಳೇದು) 0.99. ಅಲ್ಲಿ ಅವನಿಗೆ ಕಲಿಯೋಕೆ ಏನೂ ಉಳಿದಿರ್ಲಿಲ್ಲ. ಮೇ 11ಕ್ಕೆ ಕರೆದ್ರು. ಬೆರಳೆಣಿಸಿದ್ರೆ ಸೆಪ್ಟೆಂಬರ್ 29ರ ತನಕ 142 ದಿನ, 172ಕ್ಕೆ ಮೂವತ್ತು ಕಮ್ಮಿ. ಹಾಗೇ ಬಿಟ್ಟಿದ್ರೆ ಪೈರೇಟ್ಸ್‌ಗೆ 2030ರ ತನಕ ಸ್ಕೀನ್ಸ್.

ಆದ್ರೆ ಪೈರೇಟ್ಸ್ ಕಡೆಯ ಮಾತನ್ನೂ ನಾನು ಪೂರ್ತಿ ತಳ್ಳಿಹಾಕಲ್ಲ. ಹುಡುಗ 2023ರಲ್ಲಿ ಕಾಲೇಜಿಗೆ 120ಕ್ಕೂ ಹೆಚ್ಚು ಇನ್ನಿಂಗ್ಸ್ ಎಸೆದಿದ್ದ, ಪ್ರೊಫೆಷನಲ್ ಆಗಿ ಏಳು ಇನ್ನಿಂಗ್ಸೂ ಪೂರ್ತಿ ಎಸೆದಿರ್ಲಿಲ್ಲ. ಗಂಟೆಗೆ 100 ಮೈಲಿ ಎಸೆಯೋ ತೋಳು, ಮೊಣಕೈ ಹೋಯ್ತು ಅಂದ್ರೆ ವರ್ಷಗಟ್ಟಲೆ ಹೋಯ್ತು. ಅಲ್ಲಿ ಅವನಿಗೆ ಒಂದು ಮ್ಯಾಚ್‌ಗೆ ಸರಾಸರಿ ನಾಲ್ಕು ಇನ್ನಿಂಗ್ಸೂ ಕೊಡ್ಲಿಲ್ಲ ಅನ್ನೋದೂ ನಿಜ, ಅಂದ್ರೆ ತೋಳಿನ ಕಾಳಜಿ ನಾಟಕ ಅಲ್ಲ. ಏಪ್ರಿಲ್ ಮಧ್ಯದ ಗೆರೆ ದಾಟಿದ ಕೂಡ್ಲೆ ಕರೆಯದೆ ಇನ್ನೂ ನಾಲ್ಕು ವಾರ ಕಾದ್ರು, ಸೂಪರ್ ಟೂ ತಪ್ಪಿಸ್ಬೇಕಂತಿದ್ರೆ ಜೂನ್ ತನಕ ಕಾಯ್ತಿದ್ರು, ಅದೂ ಮಾಡ್ಲಿಲ್ಲ. ಆದ್ರೆ ಆ ನಾಲ್ಕು ಇನ್ನಿಂಗ್ಸ್‌ನ ಪಿಟ್ಸ್‌ಬರ್ಗ್‌ನಲ್ಲೇ ಎಸೆಸಬಹುದಿತ್ತಲ್ಲ? ಅದಕ್ಕೆ ಸಮಾಧಾನದ ಉತ್ತರ ನಾನಂತೂ ಯಾರ ಬಾಯಿಂದಲೂ ಕೇಳಿಲ್ಲ.

ಆಮೇಲೆ ಆಗಿದ್ದು ನಿಮ್ಮ ಮಗನಿಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತೆ: 23 ಮ್ಯಾಚು, 170 ಸ್ಟ್ರೈಕ್‌ಔಟು, ಇಆರ್‌ಎ 1.96, ರೂಕಿ ಆಫ್ ದ ಇಯರ್. ಮೊದಲ ಸ್ಥಾನದ 30 ಓಟಲ್ಲಿ 23 ಇವನಿಗೆ. ಅಲ್ಲಿಗೆ ಬೆತ್ತ ಬಿತ್ತು, 142 ಹೋಗಿ ಪೂರ್ತಿ ವರ್ಷ ಆಯ್ತು, ನಿಮ್ಮ ಆಫೀಸಿನ ಎರಡನೇ ಪುಣ್ಯಾತ್ಮರು ಹೇಳಿದ್ದು ಇದನ್ನೇ. ಪೈರೇಟ್ಸ್‌ಗೆ 2030 ಕೈತಪ್ತು. ಅಷ್ಟೇ ಅಲ್ಲ, ಮೊದಲ ದಿನದಿಂದ ಆಡಿಸಿರ್ಲಿಲ್ಲವಾದ್ರಿಂದ ಬೆಲ್ಲನೂ ಇಲ್ಲ, ಹೆಚ್ಚುವರಿ ಪಿಕ್ ಸಿಗ್ಲಿಲ್ಲ. ಮಾರ್ಚ್ 28ಕ್ಕೇ ಇಳಿಸಿದ್ರೂ ಹಕ್ಕು ಇಷ್ಟೇ ವರ್ಷ ಇರ್ತಿತ್ತು, ಮೇಲಿಂದ ಪಿಕ್ ಸಿಗ್ತಿತ್ತು, ಮೇಲಿಂದ ಅವನ ಇನ್ನೂ ಆರೇಳು ಮ್ಯಾಚ್ ನೀವು ನೋಡ್ತಿದ್ರಿ. ಟೀಮಿಗೆ ಏನು ಸಿಕ್ತು ಅಂತ ಕೇಳಿದ್ರಲ್ಲ, ಕಾಗದದ ಮೇಲೆ ಏನೂ ಇಲ್ಲ. ಆರೋಗ್ಯವಾಗಿರೋ ತೋಳು ಸಿಕ್ತು ಅಂತ ಅವರು ಅಂದ್ರೆ ಇಲ್ಲ ಅನ್ನೋಕೆ ನನ್ನ ಹತ್ರ ಆಧಾರ ಇಲ್ಲ. ಹಾಗಂತ ಪೆದ್ದು ಲೆಕ್ಕ ಅಂತಲೂ ಅನ್ಬೇಡಿ, ಆ ವರ್ಷ ಬೇರೆ ಟೀಮಿನ ರೂಕಿಗಳು ಜ್ಯಾಕ್ಸನ್ ಮೆರಿಲ್, ಜ್ಯಾಕ್ಸನ್ ಚೋರಿಯೊ ಇಬ್ರೂ ಮೊದಲಿಂದ ಆಡ್ತಿದ್ರು, ಸ್ಕೀನ್ಸ್ ಓಟಿಂಗ್‌ನಲ್ಲಿ ಮೂರನೆಯವನಾಗಿದ್ರೆ ಇದೇ ಜನ ಪೈರೇಟ್ಸ್‌ನ ಜಾಣರು ಅಂತಿದ್ರು.

ಈಗ ಜೆರ್ಸಿ. ಲೆಕ್ಕದ ಪ್ರಕಾರ 2026 ಸೀಸನ್ ಮುಗಿದ್ಮೇಲೆ ಸ್ಕೀನ್ಸ್‌ಗೆ ಆರ್ಬಿಟ್ರೇಷನ್ ಶುರು, 2029 ಸೀಸನ್ ಮುಗಿದ್ಮೇಲೆ ಫ್ರೀ ಏಜೆಂಟ್. ಈಗಿನ ಒಪ್ಪಂದ 2026ರ ಡಿಸೆಂಬರ್ 1ಕ್ಕೆ ಮುಗಿಯುತ್ತೆ, ಹೊಸದರಲ್ಲಿ ಈ ವರ್ಷಗಳ ಲೆಕ್ಕನೇ ಬದಲಾದ್ರೆ ನಾನು ಹೇಳಿದ್ದೂ ಬದಲಾಗುತ್ತೆ, ಅದನ್ನ ನೆನಪಲ್ಲಿಟ್ಕೊಳ್ಳಿ. ಫ್ರೀ ಏಜೆಂಟ್ ಆಗೋಕೆ ಇನ್ನೊಂದೋ ಎರಡೋ ವರ್ಷ ಇದೆ ಅನ್ನೋವಾಗ ಮಾರಿಬಿಡೋ ಅಭ್ಯಾಸ ಸಣ್ಣ ದುಡ್ಡಿನ ಟೀಮ್‌ಗಳಿಗಿದೆ, ಬ್ರಯಂಟ್ ಕಥೆ ನೋಡಿದ್ರಲ್ಲ, ಸೀಸನ್ ಮಧ್ಯದಲ್ಲೇ ಮಾರಿದ್ರು. ಅದಕ್ಕೇ 2028ರ ಜುಲೈ ಬಂದಾಗ ಸ್ವಲ್ಪ ಕಿವಿ ನೆಟ್ಟಗೆ ಮಾಡ್ಕೊಂಡಿರಿ. ಅಲ್ಲಿ ತನಕ ಧೈರ್ಯವಾಗಿ ಹಾಕ್ಕೊಳ್ಲಿ. ನಂಬರ್ 30, ಮಗ ಬೆಳೀತಿರೋ ವಯಸ್ಸು, ಒಂದು ಸೈಜ್ ದೊಡ್ಡದೇ ತಗೊಳ್ಳಿ.